ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾತ್ರೆಯಲ್ಲಿ ಮದರಂಗಿ ಮಳಿಗೆ

ಶ್ರಾವಣ ಹತ್ತಿರ ಬಂದಂತೆ ಮದರಂಗಿಯ ಬಗ್ಗೆ ಪತ್ರಗಳು ಹೆಚ್ಚುತ್ತವೆ. ನಾಗರಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು, ವರಮಹಾಲಕ್ಷ್ಮಿ, ಗೌರಿಹಬ್ಬ, ದಸರಾ ವಸ್ತುಪ್ರದರ್ಶನ, ಊರ ಜಾತ್ರೆ, ರಂಜಾನ್‌ನ ಚಾಂದ್ ರಾತ್: ಕೈಗೆ ಬಣ್ಣ ಬೇಡುವ ಸಂದರ್ಭಗಳಿಗೆ ಕೊರತೆಯಿಲ್ಲ. ಈ ಬಾರಿ ಅದನ್ನೇ ದುಡಿಮೆ ಮಾಡಿಕೊಳ್ಳಬೇಕೆಂದಿರುವವರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಮದುವೆ ಮನೆಗಳಲ್ಲಿ ನೆಂಟರಿಷ್ಟರಿಗೆ ಮೆಹಂದಿ ಹಾಕಿ ಅಭ್ಯಾಸವಿದೆ. ಬರುವ ಜಾತ್ರೆಯಲ್ಲಿ ಸಣ್ಣ ಮಳಿಗೆ ಇಡಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?
— ಗೃಹಿಣಿ, ಶಿರಸಿ

ಮದುವೆ ಮನೆಯ ಕೈ ಬೇರೆ, ಜಾತ್ರೆಯ ಕೈ ಬೇರೆ. ಮದುವಣಗಿತ್ತಿ ನಾಲ್ಕು ಗಂಟೆ ಕೂರುತ್ತಾಳೆ. ಜಾತ್ರೆಗೆ ಬಂದವರಿಗೆ ಐದು ನಿಮಿಷವೇ ಹೆಚ್ಚು, ಹಿಂದೆ ಮಗು ಸೆರಗು ಎಳೆಯುತ್ತಿರುತ್ತದೆ. ಆದ್ದರಿಂದ ಮೊದಲು ಹನ್ನೆರಡು ಚಿತ್ತಾರ ಆರಿಸಿ, ಪ್ರತಿಯೊಂದನ್ನೂ ನಾಲ್ಕು ನಿಮಿಷದೊಳಗೆ ಮುಗಿಸುವವರೆಗೆ ಕೈ ಪಳಗಿಸಿ. ಗಾಜಿನ ಮೇಲೆ ಹಾಕಿ ಒರೆಸಿ, ಮತ್ತೆ ಹಾಕಿ. ಆ ಹನ್ನೆರಡನ್ನೂ ನಂಬರು ಹಾಕಿ ಲ್ಯಾಮಿನೇಟ್ ಮಾಡಿಸಿದ ಒಂದೇ ಹಾಳೆಯಲ್ಲಿ ತೋರಿಸಿ, ಪಕ್ಕದಲ್ಲೇ ದರ ಬರೆಯಿರಿ. ‘ಮೊಬೈಲಿನಲ್ಲಿದೆ, ಇದನ್ನೇ ಹಾಕಿ’ ಎನ್ನುವವರಿಗೆ ನಗುತ್ತಲೇ ಇಲ್ಲವೆನ್ನಿ. ಅಂಥ ಒಂದು ಕೈಗೆ ಅರ್ಧ ಗಂಟೆ ಹೋದರೆ, ಸಾಲಿನಲ್ಲಿ ನಿಂತ ಐದು ಜನ ಬಳೆ ಅಂಗಡಿಗೆ ನಡೆಯುತ್ತಾರೆ.

ಜಾಗದ ಮಾತು. ಸಣ್ಣ ಊರಿನ ಜಾತ್ರೆಯಲ್ಲಿ ದೇವಸ್ಥಾನದ ಕಚೇರಿಯಲ್ಲೋ ಪಂಚಾಯಿತಿಯಲ್ಲೋ ಕೇಳಿ ನೆಲವಳಿ ಕಟ್ಟಿದರೆ ಸಾಕಾಗುತ್ತದೆ. ಎರಡು ವರ್ಷಕ್ಕೊಮ್ಮೆ ನಡೆಯುವ ನಿಮ್ಮ ಊರಿನ ಮಾರಿಕಾಂಬಾ ಜಾತ್ರೆಯಂಥ ದೊಡ್ಡ ಕಡೆ ಜಾಗ ಮೊದಲೇ ಹರಾಜಾಗುತ್ತದೆ. ಅಲ್ಲಿ ಹೊಸಬರು ಇಡೀ ಮಳಿಗೆ ಹಿಡಿಯುವುದಕ್ಕಿಂತ ಬಳೆ ಅಥವಾ ಫ್ಯಾನ್ಸಿ ಅಂಗಡಿಯವರ ಬಳಿ ನಾಲ್ಕಡಿ ಜಾಗ ಬಾಡಿಗೆಗೆ ಕೇಳುವುದು ಜಾಣತನ. ಹೆಂಗಸರು ಹೇಗೂ ಅಲ್ಲಿ ನಿಲ್ಲುತ್ತಾರೆ. ಮಿರ್ಚಿ, ಗಿರಮಿಟ್ ಅಂಗಡಿಯ ಪಕ್ಕ ಬೇಡ. ಎಣ್ಣೆ ಕೈಗೆ ಬಣ್ಣ ಹತ್ತುವುದಿಲ್ಲ, ಬಣ್ಣ ಹಾಕಿಸಿಕೊಂಡ ಕೈಯಲ್ಲಿ ತಿನ್ನಲಾಗುವುದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಜನ ಹೊರಗೆ ಹೋಗುವ ದಾರಿ, ಏಕೆಂದರೆ ಮೆಹಂದಿ ಜಾತ್ರೆಯ ಕೊನೆಯ ಕೆಲಸ.

ಬೇಕಾದ ಸಾಮಾನು ಬಹಳವಿಲ್ಲ. ಕೈಹಿಡಿಯಿಲ್ಲದ ಕುರ್ಚಿ ಮೂರು, ಎರಡಡಿ ಅಗಲದ ಮೇಜು, ಗಿರಾಕಿಯ ಮೊಣಕೈ ಇಡಲು ರೆಕ್ಸಿನ್ ಹೊದಿಸಿದ ದಿಂಬು, ಚಾರ್ಜ್ ಆಗುವ ಎಲ್‌ಇಡಿ ದೀಪ (ಜಾತ್ರೆಯ ದೀಪದಲ್ಲಿ ನಿಮ್ಮ ಕೈಯ ನೆರಳೇ ಗೆರೆಯ ಮೇಲೆ ಬೀಳುತ್ತದೆ), ಒದ್ದೆ ಟಿಶ್ಯೂ, ಗುಂಡುಪಿನ್ನು, ತಪ್ಪು ತೆಗೆಯಲು ಹಲ್ಲುಕಡ್ಡಿ, ಕಸದ ಚೀಲ, ಕ್ಯೂಆರ್ ಫಲಕ, ಹತ್ತು ಇಪ್ಪತ್ತರ ಚಿಲ್ಲರೆ. ದುಡ್ಡನ್ನು ಮಾತ್ರ ಮೊದಲೇ ತೆಗೆದುಕೊಳ್ಳಿ. ಇದು ಅಪನಂಬಿಕೆಯಲ್ಲ, ಆಮೇಲೆ ಪರ್ಸು ಬಿಚ್ಚಲು ಅವರಿಗೆ ಕೈ ಇರುವುದಿಲ್ಲ. ಅದೇ ಕಾರಣಕ್ಕೆ ‘ಯಾವ ಕೈಗೆ?’ ಎಂದು ಕೇಳಿ. ಊಟ ಆಗಿಲ್ಲದವರಿಗೆ ಎಡಗೈಯೇ ವಾಸಿ.

ಲೆಕ್ಕ ಹೀಗೆ. ಒರೆಸುವುದು, ದುಡ್ಡು, ಮಾತು ಎಲ್ಲ ಸೇರಿ ಒಬ್ಬರಿಗೆ ಆರು ನಿಮಿಷವಾದರೆ ಐದು ಗಂಟೆಗೆ 50 ಕೈ. 25 ಗ್ರಾಂ ಕೋನ್ ಒಂದರಲ್ಲಿ ಇಂಥ ಸರಳ ಚಿತ್ತಾರ ಎಂಟು-ಹತ್ತು ಆಗುತ್ತವೆ. ಅಂದರೆ ದಿನಕ್ಕೆ ಆರೇಳು ಕೋನ್. ಹತ್ತು ಒಯ್ಯಿರಿ. ಉಳಿದವು ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿರಲಿ, ಬಿಸಿಲಿಗೆ ಬೇಡ.

ಪ್ರಶ್ನೆ: ಅಂಗಡಿಯ ಪುಡಿ ತಂದು, ಚಹಾ ಡಿಕಾಕ್ಷನ್‌ನಲ್ಲಿ ಕಬ್ಬಿಣದ ಬಾಣಲೆಯಲ್ಲಿ ರಾತ್ರಿಯಿಡೀ ನೆನೆಸಿದೆ. ಆದರೂ ಬರೀ ಕಿತ್ತಳೆ ಬಣ್ಣ. ಏನು ತಪ್ಪಿದೆ?
— ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಬಾಣಲೆಯೂ ಡಿಕಾಕ್ಷನ್ನೂ ತಲೆಗೂದಲಿಗೆ ಹಚ್ಚುವವರ ಪದ್ಧತಿ. ಕೈಗೆ ಅವುಗಳಿಂದ ಲಾಭವಿಲ್ಲ. ಎಲೆಯಲ್ಲಿ ನೂರಕ್ಕೆ ಒಂದೆರಡು ಪಾಲಿನಷ್ಟು ಲಾಸೋನ್ ಎಂಬ ಬಣ್ಣದ ಅಂಶವಿರುತ್ತದೆ. ಅದು ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುವುದೇ ಮದರಂಗಿಯ ಕೆಲಸ. ಅಂಗೈ, ಅಂಗಾಲಿನ ಚರ್ಮ ದಪ್ಪವಿರುವುದರಿಂದ ಅಲ್ಲಿ ಕಡುಗೆಂಪು, ಮುಂಗೈ ಮೇಲೆ ಅಷ್ಟಕ್ಕಷ್ಟೆ, ತೋಳಿನ ಮೇಲೆ ಇನ್ನೂ ತೆಳು.

ಪುಡಿ ಹೊಸ ಬೆಳೆಯದ್ದಾಗಿರಬೇಕು, ಬಟ್ಟೆಯಲ್ಲಿ ಸೋಸಿದಷ್ಟು ನುಣುಪಿರಬೇಕು. ಕೂದಲಿಗೆಂದು ಮಾರುವ ಪ್ಯಾಕೆಟ್ಟಿನಲ್ಲಿ ಕಡ್ಡಿ, ಮರಳು ಇರುತ್ತವೆ, ಕೋನ್ ಕಟ್ಟಿಕೊಳ್ಳುತ್ತದೆ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಮೆಹಂದಿಗೆ 2021ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅಲ್ಲಿಯ ಪುಡಿ ಎಳೆ ಎಳೆಯಾಗಿ ಇಳಿಯುತ್ತದೆ, ಸಣ್ಣ ಗೆರೆಗೆ ಒಗ್ಗುತ್ತದೆ.

ಅಳತೆ: ಪುಡಿ 100 ಗ್ರಾಂ, ಸಕ್ಕರೆ ಪುಡಿ 25-30 ಗ್ರಾಂ, ಲ್ಯಾವೆಂಡರ್ ಅಥವಾ ಟೀ ಟ್ರೀ ಎಣ್ಣೆ 25-30 ಮಿ.ಲೀ., ನಿಂಬೆರಸವೋ ಬರೀ ನೀರೋ ಸುಮಾರು 250 ಮಿ.ಲೀ. ಈ ಎಣ್ಣೆಯೇ ಬಣ್ಣವನ್ನು ಗಾಢ ಮಾಡುವ ಸಾಮಾನು. ನಮ್ಮ ಕಡೆ ನೀಲಗಿರಿ ಎಣ್ಣೆ ಹಾಕುವವರೇ ಹೆಚ್ಚು. ಕೆಲಸವೇನೋ ಆಗುತ್ತದೆ, ಆದರೆ ಘಾಟು ಜಾಸ್ತಿ, ಮಕ್ಕಳಿಗೂ ಬಸುರಿಯರಿಗೂ ಅದು ಬೇಡ. ಲವಂಗದ ಎಣ್ಣೆ ಚರ್ಮ ಉರಿಸುತ್ತದೆ, ಹಾಕಲೇಬೇಡಿ.

ಪುಡಿ, ಸಕ್ಕರೆ, ಎಣ್ಣೆ ಸೇರಿಸಿ, ಮುಕ್ಕಾಲು ಪಾಲು ರಸ ಹಾಕಿ ಬೋಂಡಾ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹಿಟ್ಟಿಗೆ ತಾಗುವಂತೆ ಒತ್ತಿ, 25-30 ಡಿಗ್ರಿ ಸೆಖೆಯಲ್ಲಿ 8ರಿಂದ 12 ಗಂಟೆ ಬಿಡಿ. ಬಣ್ಣ ಬಿಟ್ಟಿದೆಯೇ ಎಂದು ತಿಳಿಯಲು ಅಂಗೈಗೆ ಒಂದು ಚುಕ್ಕೆ ಇಟ್ಟು ಐದು ನಿಮಿಷಕ್ಕೆ ಒರೆಸಿ. ಢಾಳಾದ ಕಿತ್ತಳೆ ಕಂಡರೆ ಸಿದ್ಧ. ಆಗ ಉಳಿದ ರಸವನ್ನು ಚಮಚ ಚಮಚವಾಗಿ ಹಾಕುತ್ತಾ ತಿರುವಿ. ಚಮಚ ಎತ್ತಿದಾಗ ಜೇನಿನಂತೆ ಎಳೆಯಾಗಿ ಬಿದ್ದು, ಬಿದ್ದ ಸುರುಳಿ ಒಂದೆರಡು ಕ್ಷಣ ನಿಂತು ಕರಗಬೇಕು. ತಕ್ಷಣ ಕರಗಿದರೆ ತೆಳುವಾಯಿತು, ನಿಂತೇ ಇದ್ದರೆ ಇನ್ನೊಂದು ಚಮಚ ಬೇಕು. ಕೊನೆಗೆ ನೈಲಾನ್ ಕಾಲುಚೀಲದಲ್ಲಿ ಹಿಂಡಿ ಸೋಸಿ, ಕೋನ್‌ಗೆ ತುಂಬಿ. ಈ ಅಳತೆಗೆ 25 ಗ್ರಾಂನ 15 ಕೋನ್ ಸಿಗುತ್ತವೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಶಕ್ತಿ ಇಳಿಯುತ್ತದೆ. ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ ಇರುತ್ತವೆ.

ಇನ್ನು ನಿಮ್ಮ ಕಿತ್ತಳೆ ಬಣ್ಣ. ಹಿಟ್ಟು ತೆಗೆದ ಕೂಡಲೇ ಎಲ್ಲರಿಗೂ ಕಿತ್ತಳೆಯೇ! ಗಾಳಿ ತಾಗುತ್ತಾ 24ರಿಂದ 48 ಗಂಟೆಗಳಲ್ಲಿ ಅದು ಕೆಂಪು-ಕಂದಾಗುತ್ತದೆ. ಮಳಿಗೆ ಇಡುವವರ ಪೇಚು ಇಲ್ಲೇ ಇದೆ: ಬಣ್ಣ ಕೂರುವುದು ಮರುದಿನ ಗಿರಾಕಿಯ ಮನೆಯಲ್ಲಿ, ನಿಮ್ಮ ಎದುರಿಗಲ್ಲ. ಅದಕ್ಕೇ ಒಂದು ಚೀಟಿ ಅಚ್ಚು ಹಾಕಿಸಿ ಎಲ್ಲರಿಗೂ ಕೊಡಿ: ‘ನಾಲ್ಕರಿಂದ ಆರು ಗಂಟೆ ಹಾಗೇ ಬಿಡಿ. ತೊಳೆಯಬೇಡಿ, ಕೆರೆದು ಉದುರಿಸಿ. ಆಮೇಲೂ ಅರ್ಧ ದಿನ ನೀರು, ಸೋಪು ಮುಟ್ಟಬೇಡಿ. ಕೊಬ್ಬರಿ ಎಣ್ಣೆ ಹಚ್ಚಿ. ಎರಡನೇ ದಿನ ಬಣ್ಣ ನೋಡಿ.’

ಪ್ರಶ್ನೆ: ಗಿರಾಕಿಗಳು ಕಪ್ಪು ಮೆಹಂದಿ ಕೇಳುತ್ತಾರೆ. ಹತ್ತು ನಿಮಿಷಕ್ಕೆ ಬಣ್ಣ ಹತ್ತುವ ಕೋನ್ ಅಗ್ಗಕ್ಕೆ ಸಿಗುತ್ತದೆ. ಇಟ್ಟುಕೊಳ್ಳಬಹುದೇ?
— ಬ್ಯೂಟಿ ಪಾರ್ಲರ್ ನಡೆಸುವವರು, ಮಂಗಳೂರು

ಬೇಡ. ಮದರಂಗಿ ಎಲೆಯಿಂದ ಕಪ್ಪು ಬರುವುದೇ ಇಲ್ಲ. ಕಪ್ಪು ಕೋನ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೇರ್ ಡೈನ ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್‌ಡೈಅಮೀನ್. ಐರೋಪ್ಯ ಒಕ್ಕೂಟ ಕೂದಲಿನ ಬಣ್ಣದಲ್ಲೂ ಅದಕ್ಕೆ ಶೇ. 2ರ ಮಿತಿ ಹಾಕಿದೆ, ಚರ್ಮಕ್ಕೆ ಹಚ್ಚುವಂತೆಯೇ ಇಲ್ಲ. ಹಚ್ಚಿದ ದಿನ ಏನೂ ಆಗದಿರಬಹುದು. ಕೆಲವು ದಿನ ಬಿಟ್ಟು ಚಿತ್ತಾರದ ಗೆರೆಗೆರೆಯೂ ಬೊಬ್ಬೆ ಏಳುತ್ತದೆ, ಕಲೆ ಉಳಿಯಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಒಮ್ಮೆ ಅಲರ್ಜಿ ಅಂಟಿದರೆ ಜೀವನಪೂರ್ತಿ. ಮುಂದೆ ತಲೆಗೆ ಡೈ ಹಚ್ಚಿದಾಗ ಮುಖವೇ ಊದಿಕೊಳ್ಳಬಹುದು.

‘ಐದು ನಿಮಿಷದ’ ಕೆಂಪು ಕೋನ್‌ಗಳನ್ನೂ ನಂಬಬೇಡಿ. ಕೆಲವದರಲ್ಲಿ ಪಿಕ್ರಾಮಿಕ್ ಆಮ್ಲ ಎಂಬ ರಾಸಾಯನಿಕ ಬಣ್ಣ ಸಿಕ್ಕಿದೆ. ಗುರುತು ಸುಲಭ: ಅಸಲಿ ಹಿಟ್ಟು ಹಸಿರು-ಕಂದು, ಒದ್ದೆ ಹುಲ್ಲಿನ ವಾಸನೆ, ತಣ್ಣಗಿಡದೆ ಬಾಳುವುದಿಲ್ಲ. ತಿಂಗಳುಗಟ್ಟಲೆ ಶೆಲ್ಫಿನಲ್ಲಿ ಕೂತಿದ್ದು, ಒಳಗಿನ ಸಾಮಾನಿನ ಪಟ್ಟಿಯಿಲ್ಲದೆ, ಸೀಮೆಎಣ್ಣೆಯಂತೆ ನಾರುವುದು ಬೇರೆ ಏನೋ. ಕಪ್ಪೇ ಬೇಕೆಂಬ ಗಿರಾಕಿಗೆ ಜಾಗುವಾ ಎಂಬ ಕಾಯಿರಸದ ಬಣ್ಣದ ಹೆಸರು ಹೇಳಿ ಹೊಸ ತಾಪತ್ರಯ ತಂದುಕೊಳ್ಳಬೇಡಿ. ‘ನಮ್ಮಲ್ಲಿ ಎಲೆಯ ಬಣ್ಣ ಮಾತ್ರ’ ಎಂದು ಬೋರ್ಡಿನಲ್ಲೇ ಬರೆಸಿ, ವಾದ ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿ ಬರುವ ಹಿಟ್ಟು ಶ್ರಾವಣದಲ್ಲಿ ಒಣಗುವುದೇ ಇಲ್ಲ. ಗೆರೆ ಹರಡಿ ಸೀರೆಗೆಲ್ಲ ಮೆತ್ತಿಕೊಳ್ಳುತ್ತದೆ.
— ಗೃಹಿಣಿ, ಮಡಿಕೇರಿ

ಸಕ್ಕರೆಯ ಕಿತಾಪತಿ. ಸಕ್ಕರೆ ಗಾಳಿಯ ತೇವ ಹೀರಿಕೊಂಡು ಹಿಟ್ಟನ್ನು ಒದ್ದೆಯಾಗಿಡುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ಅದೇ ವರ, ಸಕ್ಕರೆ ಇಲ್ಲದಿದ್ದರೆ ಹಿಟ್ಟು ಅರ್ಧ ಗಂಟೆಯಲ್ಲಿ ಬಿರಿದು ಉದುರುತ್ತದೆ. ನಿಮ್ಮ ಮಳೆಯಲ್ಲಿ 100 ಗ್ರಾಂಗೆ 10-15 ಗ್ರಾಂ ಸಾಕು. ಹಿಟ್ಟು ತುಸು ಗಟ್ಟಿಯಿರಲಿ. ಒತ್ತೊತ್ತಾಗಿ ತುಂಬುವ ಚಿತ್ತಾರ ಬಿಟ್ಟು ಗೆರೆಗಳ ನಡುವೆ ಜಾಗವಿರುವ ಬಳ್ಳಿಗಳನ್ನು ಹಾಕಿ. ಪುಟ್ಟ ಫ್ಯಾನ್ ಇಟ್ಟು ಗಿರಾಕಿಯನ್ನು ಹತ್ತು ನಿಮಿಷ ಕೂರಿಸಿ, ಮೂರನೇ ಕುರ್ಚಿ ಹೇಳಿದ್ದು ಅದಕ್ಕೇ. ನಿಂಬೆ-ಸಕ್ಕರೆ ನೀರು ಹಚ್ಚುವುದಿದ್ದರೆ ಪೂರ್ತಿ ಒಣಗಿದ ಮೇಲೆ, ಹತ್ತಿಯಲ್ಲಿ ಒತ್ತಿದಷ್ಟೇ. ತೊಟ್ಟಿಕ್ಕುವಷ್ಟು ಹಚ್ಚಿದರೆ ಬಣ್ಣ ಗೆರೆ ದಾಟಿ ಹರಿಯುತ್ತದೆ. ತಣ್ಣಗಿನ ಕೈಗೆ ಬಣ್ಣ ಏರುವುದೂ ನಿಧಾನ, ಹಾಕುವ ಮುಂಚೆ ಕೈ ಉಜ್ಜಿ ಬೆಚ್ಚಗೆ ಮಾಡಿಸಿ.

ಪ್ರಶ್ನೆ: ಗೆರೆ ನಡುಗುತ್ತದೆ, ಮಧ್ಯೆ ಮಧ್ಯೆ ಕೋನ್ ಕಟ್ಟಿಕೊಳ್ಳುತ್ತದೆ.
— ಹತ್ತನೇ ತರಗತಿ ವಿದ್ಯಾರ್ಥಿನಿ, ಗದಗ

ಕೋನಿನ ತುದಿಯನ್ನು ಪೆನ್ನಿನಂತೆ ಚರ್ಮಕ್ಕೆ ಒತ್ತುತ್ತಿದ್ದೀರಿ. ತುದಿ ಚರ್ಮದಿಂದ ಎರಡು ಮಿಲಿಮೀಟರು ಮೇಲಿರಲಿ. ಎಳೆ ಹೊರಬಂದು ತಾನಾಗಿ ಮಲಗಬೇಕು, ನೀವು ಅದನ್ನು ಎಳೆದು ದಾರಿ ತೋರಿಸಿದರೆ ಸಾಕು, ರಂಗೋಲಿ ಎಳೆ ಬಿಟ್ಟ ಹಾಗೆ. ಕಿರುಬೆರಳನ್ನು ಗಿರಾಕಿಯ ಕೈಗೆ ಊರಿ, ನಡುಕ ಅರ್ಧ ನಿಲ್ಲುತ್ತದೆ. ಕಟ್ಟಿಕೊಂಡರೆ ಹಿಂದಿನಿಂದ ಜೋರಾಗಿ ಹಿಸುಕಬೇಡಿ, ಕೋನ್ ಒಡೆದು ಅಂಗೈ ತುಂಬ ಚೆಲ್ಲುತ್ತದೆ. ಗುಂಡುಪಿನ್ನು ಚುಚ್ಚಿ ತೆಗೆಯಿರಿ, ಬಿಡುವಿನಲ್ಲಿ ಪಿನ್ನು ತುದಿಯಲ್ಲೇ ಇರಲಿ. ಫಟ್ಟೆಂದು ಹಾರಿದರೆ ಒಳಗೆ ಗಾಳಿಯಿದೆ: ತುಂಬುವಾಗ ಮುಕ್ಕಾಲು ಮಾತ್ರ ತುಂಬಿ, ಕೆಳಕ್ಕೆ ಕುಟ್ಟಿ, ಮಡಚಿ ಟೇಪು ಹಾಕಿ.

ಪ್ರಶ್ನೆ: ಚಿಕ್ಕ ಮಕ್ಕಳಿಗೆ, ಸೀಮಂತದ ಬಸುರಿಗೆ ಹಾಕಬಹುದೇ? ಹಿತ್ತಿಲ ಗೋರಂಟಿ ಸೊಪ್ಪು ಅರೆದರೆ ಸಾಲದೇ?
— ಅಂಗನವಾಡಿ ಕಾರ್ಯಕರ್ತೆ, ಚನ್ನಪಟ್ಟಣ

ಕೂಸುಗಳಿಗೆ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಅಸಲಿ ಮದರಂಗಿಯೇ ರಕ್ತಕಣ ಒಡೆಯುವಂತೆ ಮಾಡಬಲ್ಲದು. ಆ ಕೊರತೆ ಇದೆಯೆಂದು ತಿಳಿದಿದ್ದರೆ ಯಾವ ವಯಸ್ಸಿನವರಿಗೂ ಹಾಕಬಾರದು. ಐದಾರು ವರ್ಷ ದಾಟಿದವರಿಗೆ ಲ್ಯಾವೆಂಡರ್ ಎಣ್ಣೆಯದ್ದು, ಅಪ್ಪ ಅಮ್ಮನ ಎದುರಿಗೇ. ಬಸುರಿಗೆ ಎಣ್ಣೆಯನ್ನೇ ಬಿಟ್ಟು ಕಲಸಿ. ಬಣ್ಣ ತುಸು ತೆಳುವಾದರೇನಂತೆ. ಹೆರಿಗೆ ಹತ್ತಿರವಿದ್ದರೆ ಉಗುರಿಗೆ ತಾಗಿಸಬೇಡಿ, ವೈದ್ಯರು ಉಗುರಿನ ಬಣ್ಣ ನೋಡುತ್ತಾರೆ. ಗಾಯ, ಇಸುಬು ಇರುವ ಕೈಗೆ ಯಾರದ್ದಾದರೂ ಸರಿ, ಹಾಕಬೇಡಿ.

ಹಸಿ ಸೊಪ್ಪನ್ನು ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆದು ಉಂಡೆ ಕಟ್ಟಿ ಅಂಗೈ ನಡುವೆ ಚಂದ್ರ, ಬೆರಳ ತುದಿಗೆ ಟೋಪಿ ಹಾಕಿದರೆ ಬಣ್ಣಕ್ಕೆ ಮೋಸವಿಲ್ಲ. ನಾರು ಇರುವುದರಿಂದ ಕೋನ್‌ನಲ್ಲಿ ಮಾತ್ರ ಇಳಿಯದು. ಒಂದು ಎಚ್ಚರ: ಕನಕಾಂಬರದ ಜಾತಿಯ ಹೂ ಬಿಡುವ ಮುಳ್ಳಿನ ಗಿಡಕ್ಕೂ ಗೋರಂಟೆ ಎನ್ನುತ್ತಾರೆ. ಅದನ್ನು ಎಷ್ಟು ಅರೆದರೂ ಕೈ ಕೆಂಪಾಗದು.

ಪ್ರಶ್ನೆ: ನಮ್ಮ ಕನ್ನಡ ಸಂಘದ ದೀಪಾವಳಿಯಲ್ಲಿ ಮೆಹಂದಿ ಮೇಜು ಇಡುತ್ತೇವೆ. ಊರಿಂದ ಕೋನ್ ತರಿಸಲೇ?
— ಓದುಗರು, ನ್ಯೂಜೆರ್ಸಿ

ತರಿಸಬೇಡಿ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮದರಂಗಿಗೆ ಒಪ್ಪಿಗೆ ಕೊಟ್ಟಿರುವುದು ಕೂದಲಿನ ಬಣ್ಣವಾಗಿ ಮಾತ್ರ. ಚರ್ಮಕ್ಕೆಂದು ಬರೆದ ಕೋನ್‌ಗಳನ್ನು ಬಂದರಿನಲ್ಲೇ ತಡೆಯಬಹುದು. ಅದೂ ಅಲ್ಲದೆ ವಾರಗಟ್ಟಲೆ ಪಾರ್ಸೆಲಿನಲ್ಲಿ ಸೆಖೆಗೆ ಬೆಂದ ಅಸಲಿ ಹಿಟ್ಟಿನಲ್ಲಿ ಬಣ್ಣ ಉಳಿದಿರುವುದಿಲ್ಲ, ಉಳಿದಿದ್ದರೆ ಅದು ಅಸಲಿಯಲ್ಲ. ಅಲ್ಲೇ ಒಳ್ಳೆಯ ಪುಡಿ ಕೊಂಡು ಎರಡು ದಿನ ಮೊದಲು ಕಲಸಿ. ನಿಮ್ಮ ಚಳಿಯಲ್ಲಿ ಬಣ್ಣ ಬಿಡಲು ಒಂದು ಇಡೀ ದಿನವೇ ಬೇಕಾಗಬಹುದು, ಬಟ್ಟಲನ್ನು ಒಲೆಯ ಹತ್ತಿರದ ಬೆಚ್ಚಗಿನ ಮೂಲೆಯಲ್ಲಿಡಿ. ಸಂಘದ ಕಾರ್ಯಕ್ರಮಕ್ಕೆ ವಿಮೆ ಇದ್ದರೆ ಮೆಹಂದಿ ಮೇಜೂ ಅದರಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.