ಬೆನ್ನುಹುರಿಗೆ ಪೆಟ್ಟಾಗಿ ಊರಿಗೆ ಮರಳಿದ ಸೈನಿಕನಿಗೆ ಕ್ರೀಡೆಯಿಂದ ನಿಜಕ್ಕೂ ಪ್ರಯೋಜನವಿದೆಯೇ?

ಸೇನೆಯಲ್ಲಿದ್ದ ನಿಮ್ಮ ಅಣ್ಣನವರಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿದೆ, ತೀರ್ಥಹಳ್ಳಿ ಸಮೀಪದ ಮನೆಗೆ ಬಂದ ಮೇಲೆ ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ, ಪುಣೆಯ ಪುನರ್ವಸತಿ ಕೇಂದ್ರದಲ್ಲಿ ಕಲಿತ ಆಟವನ್ನು ಇಲ್ಲಿ ಮುಂದುವರಿಸುವುದರಲ್ಲಿ ಅರ್ಥವಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇದೆ. ನಾನೂ ಅದೇ ಸ್ಥಿತಿಯಲ್ಲಿ ಸೇನೆಯಿಂದ ಸಾಗರದ ಕಡೆಯ ನಮ್ಮ ಮನೆಗೆ ಮರಳಿದವನು.

ಆಟವೆಂದರೆ ಪದಕ ಎಂದು ಮನೆಯವರು ತಿಳಿಯುತ್ತಾರೆ. ಆದರೆ ಗಾಲಿಕುರ್ಚಿಯಲ್ಲಿ ಕುಳಿತವನಿಗೆ ತೋಳು, ಭುಜಗಳ ಬಲವೇ ಬದುಕು. ಎರಡೂ ಕೈ ಊರಿ ಆಗಾಗ ಮೈಯನ್ನು ಮೇಲೆತ್ತದಿದ್ದರೆ ಕುಳಿತ ಜಾಗದಲ್ಲೇ ಹುಣ್ಣಾಗುತ್ತದೆ, ಸ್ಪರ್ಶವಿಲ್ಲದ ಕಾರಣ ಅದು ಆಳಕ್ಕೆ ಇಳಿಯುವವರೆಗೂ ಗೊತ್ತಾಗುವುದಿಲ್ಲ. ಕುರ್ಚಿಯಿಂದ ಮಂಚಕ್ಕೆ, ಮಂಚದಿಂದ ಶೌಚದ ಕುರ್ಚಿಗೆ ಯಾರ ಕೈಯನ್ನೂ ಕಾಯದೆ ದಾಟುವ ಶಕ್ತಿ ನನಗೆ ಬಂದದ್ದು ಬಾಸ್ಕೆಟ್‌ಬಾಲ್ ಅಂಕಣದಲ್ಲಿ. ಮೂತ್ರದ ಮೇಲೆ ಹಿಡಿತ ತಪ್ಪಿದವರು ಬಳಸುವ ನಳಿಕೆಯ ವಿಚಾರವನ್ನು ಸಂಕೋಚವಿಲ್ಲದೆ ಮಾತಾಡಲು ಕಲಿತದ್ದೂ ಜೊತೆ ಆಡುತ್ತಿದ್ದ ಹಿರಿಯರಿಂದಲೇ.

ಇದು ಹೊಸ ಮಾತಲ್ಲ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್‌ವಿಗ್ ಗಟ್‌ಮನ್ ಎಂಬ ವೈದ್ಯರು 1948ರಲ್ಲಿ ಗಾಯಾಳು ಯೋಧರಿಗೆ ಏರ್ಪಡಿಸಿದ ಬಿಲ್ಲುಗಾರಿಕೆ ಸ್ಪರ್ಧೆಯೇ ಮುಂದೆ ಪ್ಯಾರಾಲಿಂಪಿಕ್ಸ್‌ಗೆ ಮೂಲವಾಯಿತು. 1965ರ ಯುದ್ಧದಲ್ಲಿ ಗುಂಡೇಟು ತಿಂದ ನಮ್ಮ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಅದು ಭಾರತದ ಮೊದಲ ಪ್ಯಾರಾಲಿಂಪಿಕ್ ಚಿನ್ನ. ಪದ್ಮಶ್ರೀ ಬಂದದ್ದು 2018ರಲ್ಲಿ. ಆ ವಿಳಂಬ ನನಗೆ ಇಂದಿಗೂ ನೋವಿನ ಸಂಗತಿ. ಅಮೆರಿಕದಲ್ಲಿ ಎರಡನೇ ಮಹಾಯುದ್ಧದಿಂದ ಬೆನ್ನುಹುರಿಗೆ ಪೆಟ್ಟಾಗಿ ಮರಳಿದವರು 1946ರಲ್ಲಿ ತಮ್ಮದೇ ಸಂಘ ಕಟ್ಟಿದರು. ಅವರು ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ಆಡಿದ ಹಾಗೆಯೇ, ಸರ್ಕಾರಿ ಹಣದ ಕಟ್ಟಡಗಳೊಳಗೆ ಎಲ್ಲರೂ ಹೋಗುವಂತಿರಬೇಕೆಂಬ 1968ರ ಕಾನೂನಿಗಾಗಿಯೂ ದುಡಿದರು. ಆಡಲು ಹೊರಟವನಿಗೆ ಮೆಟ್ಟಿಲು ಅಡ್ಡ ಬರುತ್ತದೆ, ಆಗ ತನ್ನ ಹಕ್ಕನ್ನು ಕೇಳುವುದು ಅನಿವಾರ್ಯವಾಗುತ್ತದೆ.

ನಮ್ಮ ಮಲೆನಾಡಿನಲ್ಲಿ ಅಡ್ಡಿ ಮನೆಯಿಂದಲೇ ಶುರು. ಎತ್ತರದ ಜಗಲಿ, ಹೊಸ್ತಿಲು, ಮಳೆಗಾಲದಲ್ಲಿ ಪಾಚಿ ಕಟ್ಟುವ ಅಂಗಳ. ಜಗಲಿ ಒಂದು ಅಡಿ ಎತ್ತರವಿದ್ದರೆ ರ‍್ಯಾಂಪ್ ಹನ್ನೆರಡು ಅಡಿ ಉದ್ದ ಬೇಕು. ಸಿಮೆಂಟು ಹಸಿಯಿರುವಾಗಲೇ ಕಡ್ಡಿಪೊರಕೆಯಿಂದ ಅಡ್ಡಗೆರೆ ಎಳೆಸಿ, ಗಾಲಿ ಜಾರುವುದಿಲ್ಲ. ಹಂಡೆಯ ನೀರನ್ನು ಕಾಲಿಗೆ ಸುರಿಯುವ ಮೊದಲು ಮೊಣಕೈ ಅದ್ದಿ ನೋಡಬೇಕು, ಬಿಸಿ ಕಾಲಿಗೆ ತಿಳಿಯುವುದಿಲ್ಲ. ತೋಟದ ಕಡೆ ಹೋಗಿ ಬಂದರೆ ಉಂಬಳ (ಜಿಗಣೆ) ಹತ್ತಿದೆಯೇ ಎಂದು ಕಾಲನ್ನು ಕಣ್ಣಿಂದಲೇ ಹುಡುಕಬೇಕು. ಮಳೆಯ ತಿಂಗಳುಗಳಲ್ಲಿ ಜಗಲಿಯಲ್ಲೇ ಟೇಬಲ್ ಟೆನಿಸ್ ಮತ್ತು ಭಾರದ ವ್ಯಾಯಾಮ ಸಾಧ್ಯ. ಬಿಸಿಲು ಬಿದ್ದ ಮೇಲೆ ಗುಂಡು ಎಸೆತಕ್ಕೆ ನೆಲಕ್ಕೆ ಬಿಗಿದ ಒಂದು ಆಸನವಿದ್ದರೂ ಅಭ್ಯಾಸ ನಡೆಯುತ್ತದೆ.

ಇನ್ನು ಹಕ್ಕಿನ ವಿಚಾರ. ಒಮ್ಮೆ ಒಂದು ಸರ್ಕಾರಿ ಕಚೇರಿಯ ಮೆಟ್ಟಿಲ ಕೆಳಗೆ ನಾನು ಕುಳಿತಿದ್ದಾಗ ಅಧಿಕಾರಿಗಳು ತಾವೇ ಕೆಳಗಿಳಿದು ಬಂದು ನನ್ನ ಕಾಗದಕ್ಕೆ ಸಹಿ ಹಾಕಿದರು, ಸುತ್ತಲಿದ್ದವರೆಲ್ಲ ಹೊಗಳಿದರು. ಅವರ ಒಳ್ಳೆಯತನದಲ್ಲಿ ನನಗೆ ಸಂಶಯವಿಲ್ಲ. ಆದರೆ ಸೇನೆಯ ಗುರುತುಚೀಟಿ ಇಲ್ಲದ, ಪೋಲಿಯೊದಿಂದ ಕಾಲು ಸೋತ ಹೆಣ್ಣುಮಗಳೊಬ್ಬಳು ಬಂದರೆ ಹೀಗೆಯೇ ಇಳಿದು ಬರುವರೇ? ಆ ಪ್ರಶ್ನೆಯಿಂದಲೇ ನಾನು ಅರ್ಜಿ ಬರೆಯತೊಡಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳೊಳಗೆ ಎಲ್ಲರೂ ಹೋಗುವಂತೆ ಮಾಡಲು, ನಿಯಮಗಳು ಬಂದ ದಿನದಿಂದ ಐದು ವರ್ಷದ ಗಡುವು ಕೊಟ್ಟಿತ್ತು. ನಿಯಮಗಳು 2017ರಲ್ಲಿ ಬಂದವು, ಗಡುವು ಮುಗಿದು ಹೋಗಿದೆ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೂ ಶಿವಮೊಗ್ಗದ ಸೈನಿಕ ಕಲ್ಯಾಣ ಕಚೇರಿಯನ್ನೂ ಅಣ್ಣನವರೇ ಕಾಣಲಿ, ಅರ್ಜಿಯನ್ನೂ ಅವರೇ ಬರೆಯಲಿ, ಸ್ವೀಕೃತಿ ಪಡೆಯಲಿ. ಬರೀ ರ‍್ಯಾಂಪ್ ಬೇಕೆಂದು ಬರೆದರೆ ಕಡಿದಾದ ಇಳಿಜಾರೊಂದನ್ನು ಕಟ್ಟಿ ಕೈತೊಳೆದುಕೊಳ್ಳುತ್ತಾರೆ. ಆದ್ದರಿಂದ ಅಳತೆ, ಎರಡೂ ಬದಿಯ ಹಿಡಿಗಂಬಿ, ಶೌಚಾಲಯದ ಬಾಗಿಲಿನ ಅಗಲ, ಎಲ್ಲವನ್ನೂ ಅರ್ಜಿಯಲ್ಲೇ ನಮೂದಿಸಿ.