ಭಜನೆ ರೆಕಾರ್ಡಿಂಗ್‌ಗೆ ಇಕ್ವಲೈಸರ್: ಯಾವ ಫಿಲ್ಟರ್ ಯಾವುದಕ್ಕೆ?

ನಮಸ್ಕಾರ್ರೀ ಅಣ್ಣಾರ. ಹಾವೇರಿಯ ನಿಮ್ಮ ಭಜನಾ ಮಂಡಳಿಯ ತುಣುಕು ಕೇಳಿದೆ. ಹಾಡುಗಾರಿಕೆ ಚಲೋ ಇದೆ. ದನಿ ಮಂಕಾಗಿದೆ, ಹಿಂದೆ ಗುಂಯ್ ಅನ್ನುತ್ತದೆ, ಇಕ್ವಲೈಸರ್‌ನಲ್ಲಿ (ಸದ್ದಿನ ಕೆಳಗಿನ, ಮೇಲಿನ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಇರುವ ಹೈ ಪಾಸ್, ಬೆಲ್, ಶೆಲ್ಫ್, ನಾಚ್ ಫಿಲ್ಟರ್‌ಗಳಲ್ಲಿ ಯಾವುದನ್ನು ಮುಟ್ಟಲಿ ಅಂತ ಕೇಳಿದ್ದೀರಿ.

ಮೊದಲು ಹೈ ಪಾಸ್. ಹೆಸರು ಕೇಳಿದರೆ ಮೇಲಿನದನ್ನು ಕತ್ತರಿಸುತ್ತದೆ ಅನಿಸುತ್ತದೆ, ಅಲ್ವಾ? ಇದನ್ನು ಹಿಟ್ಟಿನ ಸಾಣಿಗೆ ಅಂದುಕೊಳ್ಳಿ. ಸಣ್ಣದನ್ನು ಬಿಡುತ್ತದೆ, ದಪ್ಪದ್ದನ್ನು ಹಿಡಿಯುತ್ತದೆ. ಹೈ ಪಾಸ್ ಕೂಡ ಮೇಲಿನ (ತೆಳು) ಸದ್ದನ್ನು ದಾಟಲು ಬಿಟ್ಟು ಕೆಳಗಿನ (ದಪ್ಪ) ಸದ್ದನ್ನು ತಡೆಯುತ್ತದೆ. ಅದಕ್ಕೇ ಎಷ್ಟೋ ಮಿಕ್ಸರ್‌ಗಳಲ್ಲಿ ಇದನ್ನೇ ಲೋ ಕಟ್ ಅಂತ ಬರೆದಿರುತ್ತಾರೆ. ಲೋ ಪಾಸ್ ಇದರ ಉಲ್ಟಾ. ಭಜನೆಯಲ್ಲಿ ಅದರ ಕೆಲಸ ಕಡಿಮೆ.

ಹಾಡುವ ಮೈಕಿಗೆ 80 ಹರ್ಟ್ಜ್‌ನಿಂದ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ, ಅಂಕಿ ಕಡಿಮೆಯಾದಷ್ಟೂ ಸದ್ದು ದಪ್ಪ) ಶುರು ಮಾಡಿ. ಫ್ಯಾನಿನ ಗಾಳಿ, ನೆಲಕ್ಕೆ ಕಾಲು ತಟ್ಟಿದ್ದು, ಸ್ಟ್ಯಾಂಡ್ ಅಲುಗಿದ್ದು, ಬಹಳಷ್ಟು ಅಲ್ಲೇ ಇಳಿಯುತ್ತದೆ. ಆದರೆ ಫಿಲ್ಟರ್ ಗೋಡೆಯಲ್ಲ, ಇಳಿಜಾರು. ಆಕ್ಟೇವಿಗೆ (ಅಂದರೆ ಹರ್ಟ್ಜ್ ಅರ್ಧವಾದಾಗಲೆಲ್ಲ) 12 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಅಂತ ಇದ್ದು, ನೀವು 100ಕ್ಕೆ ಇಟ್ಟರೆ, 50ರ ಹತ್ತಿರದ ಸದ್ದು ಸುಮಾರು 12 ಡೆಸಿಬೆಲ್ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಹೆಂಗಸರ ದನಿಗೆ ಕಣ್ಣು ಮುಚ್ಚಿ 150 ಇಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ದನಿ ನೆನಪು ಮಾಡಿಕೊಳ್ಳಿ. ಅಂಥ ದನಿಯ ತೂಕ ಇರುವುದೇ ಕೆಳಗೆ. ಗುಂಡಿಯನ್ನು ನಿಧಾನ ಏರಿಸುತ್ತ ಹೋಗಿ, ದನಿ ತೆಳ್ಳಗಾಯಿತು ಅನಿಸಿದ ಕೂಡಲೇ ಸ್ವಲ್ಪ ಹಿಂದೆ ಬನ್ನಿ. ಡಗ್ಗಾದ (ತಬಲಾ ಜೋಡಿಯ ದಪ್ಪ ದನಿಯದು) ಮೈಕಿಗೆ ಮಾತ್ರ ಈ 80 ಬೇಡ, ಅದರ ಜೀವವೇ ಹೋಗುತ್ತದೆ.

ಮಂಕಿಗೆ ಮದ್ದು ಬೆಲ್. ಒಂದು ಜಾಗದ ಸುತ್ತ ಮಾತ್ರ ಏರಿಸುವುದು, ಇಳಿಸುವುದು ಇದರ ಕೆಲಸ. ಕ್ಯೂ ಅಂಕಿ ಜಾಸ್ತಿಯಾದಷ್ಟೂ ಜಾಗ ಕಿರಿದು. ವಾಲ್ಯೂಮ್ ತಗ್ಗಿಸಿ, ಬೆಲ್ ಅನ್ನು 6 ಡೆಸಿಬೆಲ್ ಏರಿಸಿ, 200ರಿಂದ 400ರವರೆಗೆ ಓಡಾಡಿಸಿ. ಎಲ್ಲಿ ಡಬ್ಬಿಯೊಳಗಿಂದ ಹಾಡಿದ ಹಾಗೆ ಕೇಳುತ್ತದೋ ಅಲ್ಲೇ 3 ಡೆಸಿಬೆಲ್ ಇಳಿಸಿ. ನಿಮ್ಮಲ್ಲಿ ಪೇಟಿಯೂ (ಹಾರ್ಮೋನಿಯಂ) ದನಿಯೂ ಅದೇ ಜಾಗದಲ್ಲಿ ಕೂತಿವೆ. ಪೇಟಿಗೆ ಬೇರೆ ಮೈಕ್ ಇದ್ದರೆ ಅದರಲ್ಲೇ ಇಳಿಸಿ, ದನಿ ತಾನೇ ಮುಂದೆ ಬರುತ್ತದೆ.

ಶೆಲ್ಫ್ ನಿಮಗೆ ಗೊತ್ತಿರುವುದೇ, ಬಾಸ್ ಮತ್ತು ಟ್ರೆಬಲ್ ಗುಂಡಿ. ತಾಳ ಕಿವಿಗೆ ಚುಚ್ಚಿದರೆ 8,000ದಿಂದ ಮೇಲಕ್ಕೆ ಹೈ ಶೆಲ್ಫ್ 2 ಡೆಸಿಬೆಲ್ ಇಳಿಸಿ.

ಆ ಗುಂಯ್ ಕರೆಂಟಿನದು ಅನಿಸುತ್ತದೆ. ತೀರಾ ಕಿರಿದಾದ ಜಾಗವನ್ನು ಆಳವಾಗಿ ಕತ್ತರಿಸುವುದೇ ನಾಚ್. ಅಮೆರಿಕದ ವಿಡಿಯೋಗಳಲ್ಲಿ 60 ಹರ್ಟ್ಜ್ ಅನ್ನುತ್ತಾರೆ. ನಮ್ಮ ಕರೆಂಟು 50, ಹಾಗಾಗಿ 50, ಅದರ ಎರಡು, ಮೂರು ಪಟ್ಟಾದ 100, 150 ನೋಡಿ. ಅದಕ್ಕೂ ಮೊದಲು ಕೇಬಲ್ ಬದಲಿಸಿ ನೋಡಿ, ಅರ್ಥಿಂಗ್ ಸರಿ ಇದೆಯೇ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮೂಲದಲ್ಲೇ ನಿಂತರೆ ನಾಚ್ ಬೇಕಾಗುವುದೇ ಇಲ್ಲ.

ಇಷ್ಟು ಮಾಡಿ, ಫಿಲ್ಟರ್ ಹಾಕಿದ್ದು, ಹಾಕದ್ದು ಎರಡನ್ನೂ ಒಂದೇ ವಾಲ್ಯೂಮಿನಲ್ಲಿ ಇಲ್ಲಿ ಹಾಕಿರಿ. ಕೇಳಿ ಹೇಳುತ್ತೇನೆ.