ಪ್ರತಿ: ಬ್ರೇಕರ್ ಅಲಾರಂ ಸುಮ್ಸುಮ್ನೆ ಬರುತ್ತಿದೆ

ಬ್ರೇಕರ್ ಆನ್-ಆಫ್ ಮಾಡಿದಾಗಲೆಲ್ಲ ಅಲಾರಂ ಬರುತ್ತದೆ, ರಿಲೇ (ಬ್ರೇಕರ್ ಮೇಲೆ ಕಣ್ಣಿಡುವ ರಕ್ಷಣಾ ಸಾಧನ) ಬರೆದಿಡುವ ಲೋಡ್ ದಾಖಲೆ ಎರಡೇ ದಿನಕ್ಕೆ ಅಳಿಸಿಹೋಗುತ್ತದೆ ಅಂದಿದ್ದೀರಿ. ಮೊದಲನೆಯದು ಟೈಮರ್ ತೊಂದರೆ ಅನ್ನಿಸುತ್ತೆ. ಬ್ರೇಕರ್ ಸ್ಥಿತಿ ತಿಳಿಸುವ ಸಂಪರ್ಕಗಳಾದ 52ಎ (ಬ್ರೇಕರ್ ಆನ್ ಇದ್ದಾಗ ಮುಚ್ಚಿರುವುದು), 52ಬಿ (ಆಫ್ ಇದ್ದಾಗ ಮುಚ್ಚಿರುವುದು) ಎರಡನ್ನೂ ರಿಲೇಗೆ ಕೊಟ್ಟಿದ್ದೀರಿ ಅಲ್ವಾ? ಬ್ರೇಕರ್ ಚಲಿಸುವಾಗ ಒಂದು ಕ್ಷಣ ಎರಡೂ ತೆರೆದೇ ಇರುತ್ತವೆ. ಆ ಕೆಲವೇ ಮಿಲಿಸೆಕೆಂಡನ್ನು ರಿಲೇ ದೋಷ ಅಂದುಕೊಳ್ಳುತ್ತದೆ. ಅಲಾರಂ ಕೊಡುವ ಮುನ್ನ ರಿಲೇ ಕಾಯುವ ವಿಳಂಬ ಸೊನ್ನೆ ಇದ್ದರೆ 300 ಮಿಲಿಸೆಕೆಂಡ್ ಹಾಕಿ ನೋಡಿ.

ಸ್ಪ್ರಿಂಗ್ ಚಾರ್ಜ್ ಅಲಾರಂ (ಬ್ರೇಕರ್ ಆನ್ ಮಾಡುವ ಸ್ಪ್ರಿಂಗ್ ಸುತ್ತಿಲ್ಲ ಎಂದು ಹೇಳುವುದು) ಲೆಕ್ಕ ಬೇರೆ. ಮೋಟಾರ್ ಸ್ಪ್ರಿಂಗ್ ಸುತ್ತಲು ಎಷ್ಟು ಸೆಕೆಂಡ್ ಬೇಕೋ ವಾಚ್ ಹಿಡಿದು ಅಳೆಯಿರಿ, ಈ ಅಲಾರಂನ ವಿಳಂಬ ಅದಕ್ಕಿಂತ ಜಾಸ್ತಿ ಇಡಿ. (ಕಿರಿಕಿರಿ ಅಂತ ಟ್ರಿಪ್ ಕಾಯಿಲ್ (ದೋಷ ಬಂದಾಗ ಬ್ರೇಕರ್ ಆಫ್ ಮಾಡುವ ಸುರುಳಿ) ಅಲಾರಂ ಮಾತ್ರ ಬಂದ್ ಮಾಡಬೇಡಿ!)

ಇನ್ನು ಎರಡನೆಯದು, ಜಾಗ ತುಂಬಿದರೆ ಹಳೆಯ ಸಾಲು ಅಳಿಸಿಹೋಗುತ್ತದೆ. ಲೋಡ್ ದಾಖಲೆ 1 ನಿಮಿಷಕ್ಕೊಮ್ಮೆ ಬರೆಯುವಂತೆ ಇಟ್ಟರೆ ದಿನಕ್ಕೆ 1440 ಸಾಲು, 15ಕ್ಕಿಟ್ಟರೆ ಬರೀ 96. ಫೀಡರ್ (ವಿದ್ಯುತ್ ಹೊತ್ತೊಯ್ಯುವ ಮಾರ್ಗ) ಲೋಡ್ ನೋಡಲು 15 ಸಾಕು. ದಾಖಲೆಯಲ್ಲಿ ಬೇಡದ ಚಾನೆಲ್‌ಗಳನ್ನೂ (ಅಳತೆಗಳನ್ನೂ) ತೆಗೆದುಬಿಡಿ.